ಸಿಹಿಮೂತ್ರದಿಂದ ಆಲ್ಬುಮಿನ್ನಿನವರೆಗೆ

ಮಧುಮೇಹವನ್ನು ನಮ್ಮ ಪೂರ್ವಿಕರು ಗುರುತಿಸಿದುದು ಮೂತ್ರದಿಂದಲೇ. ಅದಕ್ಕೆ ಇರುವೆಗಳು ಮುತ್ತುವ ಸಂಗತಿಯು ಪ್ರಾಚೀನ ಆಯುರ್ವೇದ ಗ್ರಂಥಗಳಲ್ಲಿದೆ. 1776ರಲ್ಲಿ ಇಂಗ್ಲೆಂಡಿನ ಮ್ಯಾಥ್ಯೂ ಡಾಬ್ಸನನು ಆ ಸಿಹಿಯು ಸಕ್ಕರೆಯದೇ ಎಂದು ತೋರಿಸಿದನು. ಆದರೆ ಸಕ್ಕರೆಯು ರೋಗವನ್ನು ಸಾರೀತೇ ಹೊರತು ಮೂತ್ರಪಿಂಡದ ಸ್ಥಿತಿಯನ್ನು ತಿಳಿಸಲಾರದು.

ಆ ವಾರ್ತೆಯನ್ನು ತಂದುದು ಮತ್ತೊಂದು ವಸ್ತು. 1827ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟನು, ಮೈ ಬಾತ ಕೆಲವು ರೋಗಿಗಳ ಮೂತ್ರವು ಕಾಯಿಸಿದೊಡನೆ ಹೆಪ್ಪುಗಟ್ಟುವುದನ್ನೂ, ಅವರ ಮೂತ್ರಪಿಂಡಗಳು ಕೆಟ್ಟಿರುವುದನ್ನೂ ಪ್ರಕಟಪಡಿಸಿದನು. ಹೆಪ್ಪುಗಟ್ಟಿದುದು ಆಲ್ಬುಮಿನ್ ಎಂಬ ಸಸಾರಜನಕ. ಆರೋಗ್ಯವುಳ್ಳ ಮೂತ್ರಪಿಂಡದ ಸೂಕ್ಷ್ಮವಾದ ಜರಡಿಯು ಅದನ್ನು ರಕ್ತದಲ್ಲಿಯೇ ತಡೆದಿಡುತ್ತದೆ.

1921ರಲ್ಲಿ ಟೊರಾಂಟೋದಲ್ಲಿ ಇನ್ಸುಲಿನ್ ದೊರೆತ ಮೇಲೆ ಮಧುಮೇಹಿಗಳ ಆಯುಸ್ಸು ಬೆಳೆಯಿತು. ಅದರೊಡನೆ, ವರ್ಷಗಳ ತರುವಾಯ ತಲೆದೋರುವ ಮೂತ್ರಪಿಂಡದ ಹಾನಿಯೂ ಕಾಣತೊಡಗಿತು. 1936ರಲ್ಲಿ ಕಿಮ್ಮೆಲ್‌ಸ್ಟೀಲ್ ಮತ್ತು ವಿಲ್ಸನ್ ಎಂಬುವರು ಆ ಜರಡಿಯಲ್ಲಿನ ಗಂಟುಗಳನ್ನು ವಿವರಿಸಿದರು. ಆದರೆ ಶವಪರೀಕ್ಷೆಯಿಂದ ದೊರೆತ ಜ್ಞಾನವು ಆ ರೋಗಿಗೆ ಒದಗಲಾರದಷ್ಟೆ.

ಕಾಯಿಸುವ ಪರೀಕ್ಷೆಯಾದರೋ ಹಾನಿಯು ಬಲಿತ ಮೇಲೆಯೇ ನುಡಿಯುತ್ತಿತ್ತು. 1963ರಲ್ಲಿ ಹ್ಯಾರಿ ಕೀನ್ ಮತ್ತು ಅವರ ಸಹೋದ್ಯೋಗಿಯು ಅತ್ಯಲ್ಪ ಆಲ್ಬುಮಿನ್ನನ್ನೂ ಅಳೆಯುವ ವಿಧಾನವನ್ನು ಪ್ರಕಟಿಸಿದರು. 1982ರಲ್ಲಿ ವಿಬರ್ಟಿ ಮತ್ತು ಸಂಗಡಿಗರೂ, 1984ರಲ್ಲಿ ಮೊಗೆನ್ಸನ್ನರೂ, ಈ ಅಲ್ಪ ಸೋರಿಕೆಯೇ ಮುಂಬರುವ ಹಾನಿಯ ಮುನ್ಸೂಚನೆಯೆಂದು ತೋರಿಸಿದರು. ಇಂದು ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30ರಿಂದ 300 ಮಿಲಿಗ್ರಾಂ ಆಲ್ಬುಮಿನ್ ಇದ್ದರೆ ಅದನ್ನು ಎಚ್ಚರಿಕೆಯೆಂದು ಎಣಿಸುತ್ತಾರೆ. ಸಾಮಾನ್ಯ ಪಟ್ಟಿಯ ಪರೀಕ್ಷೆಗೆ ಇಷ್ಟು ಅಲ್ಪವಾದುದು ಅನೇಕ ವೇಳೆ ಸಿಕ್ಕದು. ಜ್ವರದಿಂದಲೂ ಹೆಚ್ಚು ದಣಿವಿನಿಂದಲೂ ಅಳತೆಯು ತಾತ್ಕಾಲಿಕವಾಗಿ ಏರುವುದರಿಂದ, ಪರೀಕ್ಷೆಯನ್ನು ಮತ್ತೆ ಮಾಡಿಯೇ ನಿರ್ಣಯಿಸಬೇಕು. ಕೆಲವರಲ್ಲಿ ಆಲ್ಬುಮಿನ್ ಸೋರದೆಯೇ ಮೂತ್ರಪಿಂಡವು ಸೊರಗುವುದುಂಟು. ಆದಕಾರಣ ರಕ್ತದ ಕ್ರಿಯಾಟಿನಿನ್ನನ್ನೂ ನೋಡಬೇಕು.

ವಯನಾಡಿನ ಕನ್ನಡಿಗರಾದ ನಮಗೆ ಇದು ದೂರದ ಕಥೆಯಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ಕೇರಳದ ವಯಸ್ಕರಲ್ಲಿ ಸುಮಾರು ನಾಲ್ವರಲ್ಲೊಬ್ಬರಿಗೆ ಮಧುಮೇಹವಿದೆಯೆಂದು ತಿಳಿಸಿತು. ಇದಲ್ಲದೆ, ನಮ್ಮ ಜಿಲ್ಲೆಯ ಆದಿವಾಸಿಗಳಲ್ಲಿಯೂ ವಯನಾಡನ್ ಚೆಟ್ಟಿಗಳಲ್ಲಿಯೂ ಕಂಡುಬರುವ ಕುಡುಗೋಲು ಕಣದ ರೋಗದಲ್ಲಿಯೂ ಮೂತ್ರಪಿಂಡದ ಹಾನಿಯನ್ನು ಮೊದಲು ಸಾರುವುದು ಬಹುಮಟ್ಟಿಗೆ ಈ ಆಲ್ಬುಮಿನ್ನೇ.

ಮೂತ್ರಪಿಂಡವು ಮೊದಲಲ್ಲಿ ನೋವಿನಿಂದ ಕೂಗಿ ಹೇಳುವುದಿಲ್ಲ. ವಯಸ್ಕರಲ್ಲಿ ಸಾಮಾನ್ಯವಾದ ಮಧುಮೇಹವು ಪತ್ತೆಯಾದೊಡನೆಯೂ, ಅನಂತರ ವರ್ಷಕ್ಕೊಮ್ಮೆಯೂ ಈ ಪರೀಕ್ಷೆಯು ಆಗಬೇಕು. ಸೋರಿಕೆಯು ಬೇಗನೆ ತಿಳಿದರೆ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಹತೋಟಿಯಲ್ಲಿಟ್ಟು, ತಕ್ಕ ಔಷಧಿಗಳಿಂದ ಹಾನಿಯ ವೇಗವನ್ನು ತಗ್ಗಿಸಬಹುದು. ಉಪಾಧ್ಯಾಯರು ಇದನ್ನು ತರಗತಿಯಲ್ಲಿ ತಿಳಿಸಲಿ. ವಿದ್ಯಾರ್ಥಿಗಳು ಮನೆಯ ಹಿರಿಯರನ್ನು ಕೇಳಲಿ: ಸಕ್ಕರೆಯ ಲೆಕ್ಕ ಸರಿ, ಆಲ್ಬುಮಿನ್ನಿನ ಲೆಕ್ಕವೆಲ್ಲಿ?