ಸ್ವರಗಳ ನಡುವಿನ ಸ್ವರ

ಎರಿಕ್ ಡಾಲ್ಫಿಯ ಬೇಸ್ ಕ್ಲಾರಿನೆಟ್ ಮೊದಲ ಸಲ ಕೇಳಿದಾಗ ಅರ್ಧಕ್ಕೇ ನಿಲ್ಲಿಸಿಬಿಟ್ಟಿದ್ದೆ. ವಾದ್ಯ ಗೊಣಗುತ್ತಿತ್ತು, ಕೆನೆಯುತ್ತಿತ್ತು, ಇದ್ದಕ್ಕಿದ್ದಂತೆ ಚೀರುತ್ತಿತ್ತು. ನಿಯಮ ಗೊತ್ತಿಲ್ಲದವನ ಆಟ ಅಂದುಕೊಂಡೆ. ಇದೇ ತಪ್ಪನ್ನು ಬಲ್ಲವರೂ ಮಾಡಿದ್ದರೆಂದು ಆಮೇಲೆ ತಿಳಿಯಿತು. 1961ರಲ್ಲಿ ಜಾನ್ ಕೋಲ್ಟ್ರೇನ್ ಜೊತೆ ಡಾಲ್ಫಿ ನುಡಿಸಿದ್ದನ್ನು ಕೇಳಿದ 'ಡೌನ್‌ಬೀಟ್' ಪತ್ರಿಕೆಯ ವಿಮರ್ಶಕ ಜಾನ್ ಟೈನನ್, ಅದನ್ನು ಜಾಝ್‌ವಿರೋಧಿ ಎಂದೇ ಕರೆದ.

ಡಾಲ್ಫಿ ಹುಟ್ಟಿದ್ದು 1928ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ತಂದೆತಾಯಿ ಪನಾಮಾದಿಂದ ಬಂದವರು. ಆಲ್ಟೊ ಸ್ಯಾಕ್ಸೊಫೋನ್, ಕೊಳಲು, ಬೇಸ್ ಕ್ಲಾರಿನೆಟ್ ಮೂರರಲ್ಲೂ ಆತನದು ಪಳಗಿದ ಕೈ. ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಬೇಸ್ ಕ್ಲಾರಿನೆಟ್ ಜಾಝ್‌ನಲ್ಲಿ ಒಂಟಿಯಾಗಿ ನಿಂತು ಮಾತಾಡಬಲ್ಲದು ಎಂದು ತೋರಿಸಿಕೊಟ್ಟವನೇ ಅವನು. 1958ರಲ್ಲಿ ಚಿಕೊ ಹ್ಯಾಮಿಲ್ಟನ್ ತಂಡ ಸೇರಿದ. ಮರುವರ್ಷ ನ್ಯೂಯಾರ್ಕಿಗೆ ಹೋದ. ಅಲ್ಲಿ ಚಾರ್ಲ್ಸ್ ಮಿಂಗಸ್ ಜೊತೆಯಾದ. 'ವಾಟ್ ಲವ್' ಎಂಬ ಕೃತಿಯಲ್ಲಿ ಮಿಂಗಸ್‌ನ ಡಬಲ್ ಬೇಸ್ ಮತ್ತು ಡಾಲ್ಫಿಯ ಕ್ಲಾರಿನೆಟ್ ಜಗಳಕ್ಕಿಳಿದ ಇಬ್ಬರು ಗೆಳೆಯರಂತೆ ವಾದಿಸುತ್ತವೆ. ಪದವೊಂದೂ ಇಲ್ಲದೆ ಮಾತು ಅರ್ಥವಾಗುತ್ತದೆ.

ನನ್ನ ಅಭಿಪ್ರಾಯವನ್ನು ಬದಲಿಸಿದ್ದು ಒಂದು ತಾರೀಖು: 1960ರ ಡಿಸೆಂಬರ್ 21. ಅಂದು ಡಾಲ್ಫಿ ಆರ್ನೆಟ್ ಕೋಲ್ಮನ್‌ನ 'ಫ್ರೀ ಜಾಝ್' ದಾಖಲೆಯಲ್ಲಿ ನುಡಿಸಿದ. ಎಂಟು ಜನ, ಸುಮಾರು 37 ನಿಮಿಷ, ಕಟ್ಟುಪಾಡುಗಳನ್ನೆಲ್ಲ ಬದಿಗಿಟ್ಟ ಸಾಮೂಹಿಕ ಮನೋಧರ್ಮ. ಅದೇ ದಿನ ತನ್ನದೇ 'ಫಾರ್ ಕ್ರೈ' ಆಲ್ಬಮನ್ನೂ ದಾಖಲಿಸಿದ. ಅದರಲ್ಲಿ 'ಟೆಂಡರ್ಲಿ' ಎಂಬ ಜನಪ್ರಿಯ ಹಾಡನ್ನು ಪಕ್ಕವಾದ್ಯವಿಲ್ಲದೆ, ಒಬ್ಬನೇ ಸ್ಯಾಕ್ಸೊಫೋನಿನಲ್ಲಿ ನುಡಿಸಿದ್ದಾನೆ. ನಿಯಮ ಗೊತ್ತಿಲ್ಲದವನಿಗೆ ಇದು ಸಾಧ್ಯವೇ? ಆತ ದಾಟಿದ್ದು ತಾನು ಚೆನ್ನಾಗಿ ಬಲ್ಲ ಗಡಿಯನ್ನು.

1962ರಲ್ಲಿ ಅದೇ 'ಡೌನ್‌ಬೀಟ್'ನಲ್ಲಿ ಕೋಲ್ಟ್ರೇನ್ ಮತ್ತು ಡಾಲ್ಫಿ ಟೀಕೆಗೆ ಉತ್ತರಿಸಿದರು. ಮನೆಯಲ್ಲಿ ಅಭ್ಯಾಸ ಮಾಡುವಾಗ ಹಕ್ಕಿಗಳು ಜೊತೆಗೂಡುತ್ತಿದ್ದವು, ಅಭ್ಯಾಸ ನಿಲ್ಲಿಸಿ ಅವುಗಳೊಡನೆ ನುಡಿಸುತ್ತಿದ್ದೆ ಎಂದು ಡಾಲ್ಫಿ ನೆನೆದ. ಹಕ್ಕಿಗಳಲ್ಲಿ ನಮ್ಮ ಸ್ವರಗಳ ನಡುವಿನ ಸ್ವರಗಳಿವೆ, ಭಾರತೀಯ ಸಂಗೀತದಲ್ಲೂ ಅಂಥದ್ದೇ ಗುಣವಿದೆ ಎಂದ. ಓದಿ ನಾಚಿಕೆಯಾಯಿತು. ಗಮಕ ಕೇಳುತ್ತ ಬೆಳೆದ ಕಿವಿ ನನ್ನದು. ಸ್ವರದಿಂದ ಸ್ವರಕ್ಕೆ ಜಾರುವ ಆ ದಾರಿ ನನಗೆ ಹೊಸದಾಗಬಾರದಿತ್ತು.

1964ರ ಫೆಬ್ರುವರಿಯಲ್ಲಿ ಆತನ ಮೇರುಕೃತಿ 'ಔಟ್ ಟು ಲಂಚ್' ದಾಖಲಾಯಿತು. ಬಳಿಕ ಮಿಂಗಸ್ ಜೊತೆ ಯುರೋಪ್ ಪ್ರವಾಸಕ್ಕೆ ಹೋದವನು ಅಲ್ಲೇ ಉಳಿದ. ಜೂನ್ 29ರಂದು ಬರ್ಲಿನ್‌ನಲ್ಲಿ ತೀರಿಕೊಂಡ. ಗುರುತಿಸದೇ ಉಳಿದಿದ್ದ ಸಕ್ಕರೆ ಕಾಯಿಲೆ ಪ್ರಜ್ಞೆ ತಪ್ಪಿಸಿತ್ತು. ವಯಸ್ಸು 36. ತಂದೆತಾಯಿ ಅವನ ಕೊಳಲನ್ನೂ ಬೇಸ್ ಕ್ಲಾರಿನೆಟ್ಟನ್ನೂ ಕೋಲ್ಟ್ರೇನ್‌ಗೆ ಕೊಟ್ಟರು.

ಸಾವಿಗೆ ಕೆಲವೇ ವಾರ ಮೊದಲು ಹಾಲೆಂಡಿನಲ್ಲಿ ದಾಖಲಿಸಿದ 'ಲಾಸ್ಟ್ ಡೇಟ್' ಆಲ್ಬಮಿನ ಕೊನೆಗೆ ಅವನ ದನಿಯೇ ಕೇಳುತ್ತದೆ: ನುಡಿಸಿ ಮುಗಿದ ಸಂಗೀತ ಗಾಳಿಯಲ್ಲಿ ಸೇರಿಹೋಗುತ್ತದೆ, ಮತ್ತೆ ಹಿಡಿಯಲಾಗದು ಎನ್ನುತ್ತಾನೆ. ಆ ಮಾತು ಕೇಳಿದ ರಾತ್ರಿ, ಅಂದು ಅರ್ಧಕ್ಕೆ ನಿಲ್ಲಿಸಿದ್ದನ್ನು ಮೊದಲಿನಿಂದ ಹಾಕಿ ಕೊನೆಯವರೆಗೆ ಕೇಳಿದೆ.