ನೀರಿನ ಕೆಳಗಿನ ನೆಲ
(ಬಾನುಲಿ ಭಾಷಣ)

ಕೆರೆಯ ಚರಿತ್ರೆಯೆಂದರೆ ನಮ್ಮಲ್ಲಿ ಬಹುಮಟ್ಟಿಗೆ ಏರಿಯ ಚರಿತ್ರೆ, ತೂಬಿನ ಚರಿತ್ರೆ, ಕಟ್ಟಿಸಿದ ಪುಣ್ಯವಂತರ ಚರಿತ್ರೆ. ಶಾಸನಗಳು ಅರಸನನ್ನು ಹೊಗಳುತ್ತವೆ, ದಾನಿಯ ವಂಶವನ್ನು ಹಾಡುತ್ತವೆ, ಕೆರೆಯನ್ನು ಸಮುದ್ರಕ್ಕೆ ಹೋಲಿಸುತ್ತವೆ. ಆದರೆ ನೀರು ಯಾವುದರ ಮೇಲೆ ನಿಂತಿದೆ, ಆ ತಳದ ನೆಲವನ್ನು ಯಾರು ಹೇಗೆ ಹದಗೊಳಿಸಿದರು ಎಂಬ ಪ್ರಶ್ನೆ ಅಪರೂಪವಾಗಿ ಮಾತ್ರ ಏಳುತ್ತದೆ. ನೀರು ನಿಂತಿರುವವರೆಗೆ ತಳ ಕಾಣುವುದಿಲ್ಲ. ತಳ ಕಂಡ ದಿನ ನೀರಿರುವುದಿಲ್ಲ. ಆದ್ದರಿಂದಲೇ ಅದು ಮರೆಯುವುದಕ್ಕೆ ಸುಲಭವಾದ ವಸ್ತು.

ಇಂದು ಪಟ್ಟಣಗಳಲ್ಲಿ ಹಿತ್ತಿಲ ಮೂಲೆಯೊಂದರಲ್ಲಿ ಪುಟ್ಟ ಕೊಳವನ್ನು ತೋಡಿ, ಪ್ಲಾಸ್ಟಿಕ್ ಹಾಳೆ ಹಾಸಿ, ತಾವರೆಯನ್ನೋ ನೈದಿಲೆಯನ್ನೋ ಬೆಳೆಸುವ ಆಸಕ್ತಿ ಕಾಣುತ್ತಿದೆ. ಹೊಲಗಳಲ್ಲಿಯೂ ಅಂತಹುದೇ ಹಾಳೆಯನ್ನು ಹೊದ್ದ ಕೃಷಿಹೊಂಡಗಳು ಬಂದಿವೆ. ಹಾಳೆ ಹೊಸದು, ಅದರ ಕೆಳಗಿನ ಕೆಲಸ ಮಾತ್ರ ಬಹಳ ಹಳೆಯದು. ಕಲಬುರಗಿ ಮತ್ತು ಕಮಲಾಪುರಗಳ ನಡುವಣ ಸುಮಾರು 35 ಕಿಲೋಮೀಟರಿನ ದಾರಿಯನ್ನೇ ಮುಂದಿಟ್ಟುಕೊಂಡು ಆ ಹಳೆಯ ಕೆಲಸದ ಜಾಡನ್ನು ಸ್ವಲ್ಪ ಹಿಡಿಯಬಹುದು.

ಕಲಬುರಗಿಯ ಹೆಸರಿನಲ್ಲಿಯೇ ಕಲ್ಲು ಅಡಗಿದೆಯೆಂದು ಹೇಳುವವರುಂಟು. ಆ ಕಲ್ಲಿನ ಮೇಲೆ ಹರಡಿರುವುದು ಎರೆಮಣ್ಣು. ಲಾವಾರಸ ಆರಿ ಹೆಪ್ಪುಗಟ್ಟಿದ ಕಪ್ಪುಶಿಲೆ ಯುಗಯುಗಾಂತರಗಳಲ್ಲಿ ಸವೆದು ಆದ ಮಣ್ಣು ಇದು. ತೊಗರಿಯ ಕಣಜವೆಂದು ಈ ಜಿಲ್ಲೆಗೆ ಬಂದ ಕೀರ್ತಿ ಈ ಮಣ್ಣಿನದೇ. ಮಳೆ ಬಿದ್ದರೆ ಇದು ಉಬ್ಬುತ್ತದೆ; ಕಾಲಿಗೆ ಮೆತ್ತಿಕೊಂಡು ನಡೆಯಗೊಡುವುದಿಲ್ಲ. ಬೇಸಗೆ ಬಂದರೆ ಕುಗ್ಗಿ, ಕೈ ಇಳಿಯುವಷ್ಟು ಅಗಲವಾಗಿ ಬಿರಿಯುತ್ತದೆ. ಕಮಲಾಪುರದ ಕಡೆಗೆ ಹೊರಟರೆ ನೆಲದ ಬಣ್ಣ ಬದಲಾಗುತ್ತದೆ. ಅಲ್ಲಿನ ಕಣಿವೆಯ ಕೆಂಪು ಮಣ್ಣು, ಅದರಲ್ಲಿ ಬೆಳೆಯುವ ಕೆಂಪು ಬಾಳೆ, ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ಆ ಹಣ್ಣಿನ ಸವಿ, ಇವೆಲ್ಲ ನಾಡಿಗೆ ತಿಳಿದ ಸಂಗತಿಗಳು. ಆ ಬಾಳೆ ಗೊನೆ ಕೊಡುವುದಕ್ಕೆ ಸುಮಾರು 18 ತಿಂಗಳು ಬೇಕು. ಅಷ್ಟು ಕಾಲವೂ ನೀರು ತಪ್ಪಬಾರದು. ಎರೆಯ ನೆಲ ನೀರನ್ನು ಹಿಡಿದಿಡುತ್ತದೆ, ಆದರೆ ತಾನು ನೆಟ್ಟಗೆ ನಿಲ್ಲುವುದಿಲ್ಲ. ಕೆಂಪು ನೆಲ ನೆಟ್ಟಗೆ ನಿಲ್ಲುತ್ತದೆ, ಆದರೆ ನೀರನ್ನು ಹಿಡಿದಿಡುವುದಿಲ್ಲ. ಈ ಎರಡು ಸ್ವಭಾವಗಳ ನಡುವೆ ನಮ್ಮ ಹಿರಿಯರು ತಮ್ಮ ಜಾಣ್ಮೆಯನ್ನು ಕಂಡುಕೊಳ್ಳಬೇಕಾಯಿತು.

ಆ ಜಾಣ್ಮೆಯ ಅತ್ಯಂತ ಸ್ಪಷ್ಟವಾದ ಲಿಖಿತ ಸಾಕ್ಷ್ಯ ದೊರೆಯುವುದು ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಅಲ್ಲಿ ಕಟ್ಟಿಸಿದ ಕೆರೆಯ ಸಂಸ್ಕೃತ ಶಾಸನದ ಕಾಲ ಕ್ರಿ.ಶ. 1369. ದಿನಕ್ಕೆ ಸಾವಿರ ಆಳುಗಳೂ ಕಲ್ಲು ಸಾಗಿಸಲು ನೂರು ಬಂಡಿಗಳೂ ಎರಡು ವರ್ಷ ದುಡಿದು ಆ ಕೆರೆಯನ್ನು ಮುಗಿಸಿದರೆಂದು ಶಾಸನ ಹೇಳುತ್ತದೆ. ಅಷ್ಟಕ್ಕೆ ನಿಲ್ಲದೆ, ಒಳ್ಳೆಯ ಕೆರೆಗೆ ಇರಬೇಕಾದ ಹನ್ನೆರಡು ಅಂಗಗಳನ್ನೂ ಇರಬಾರದ ಆರು ದೋಷಗಳನ್ನೂ ಎಣಿಸುತ್ತದೆ. ಮೊದಲನೆಯದು ಧರ್ಮಿಷ್ಠನಾದ ಅರಸ. ಎರಡನೆಯದು ಜಲಶಾಸ್ತ್ರವನ್ನು ಬಲ್ಲ ವಿದ್ವಾಂಸ. ಮೂರನೆಯದೇ ಗಟ್ಟಿಯಾದ ಜೇಡಿಯ ನೆಲ. ನದಿ, ಬೆಟ್ಟ, ಏರಿ, ಕಲ್ಲುಗಣಿ ಎಲ್ಲವೂ ಅದರ ಅನಂತರ ಬರುತ್ತವೆ. ಹನ್ನೆರಡನೆಯದು ಕಟ್ಟುವ ಕೆಲಸದಲ್ಲಿ ನುರಿತ ಜನರ ತಂಡ. ದೋಷಗಳ ಪಟ್ಟಿಯಲ್ಲಿ ಏರಿ ಜಿನುಗುವುದೂ ಉಪ್ಪುನೆಲವೂ ಕೆರೆಯಂಗಳದ ನಡುವೆ ಆಮೆಯ ಬೆನ್ನಿನಂತೆ ಎದ್ದ ದಿಬ್ಬವೂ ಸೇರಿವೆ. ಅಂದರೆ ನೀರಿಗಿಂತ ಮೊದಲು ನೆಲವನ್ನು ಪರೀಕ್ಷಿಸಬೇಕೆಂಬುದು ಆ ಕಾಲಕ್ಕೆ ಶಾಸ್ತ್ರವೇ ಆಗಿತ್ತು.

ಇಲ್ಲಿ ಒಂದು ಸ್ವಾರಸ್ಯವಿದೆ. ಅದೇ ದಶಕದಲ್ಲಿ, 1367ರಲ್ಲಿ, ಬಹಮನಿಯರ ರಾಜಧಾನಿಯಾದ ಕಲಬುರಗಿಯ ಕೋಟೆಯೊಳಗೆ ಜಾಮಿ ಮಸೀದಿ ಎದ್ದಿತು. ಆ ಕೋಟೆಯ ಸುತ್ತ ಅಗಲವಾದ ಕಂದಕವಿದೆ. ಬುಕ್ಕರಾಯನಿಗೂ ಬಹಮನಿ ಮಹಮ್ಮದ್ ಶಾಹನಿಗೂ ಘೋರ ಯುದ್ಧ ನಡೆದದ್ದೂ ಆ ದಿನಗಳಲ್ಲೇ. ಎರಡು ರಾಜ್ಯಗಳ ಗಡಿಯ ಮೇಲೆ ಕೆರೆ ಇರುವುದೂ ಒಂದು ದೋಷವೆಂದು ಪೋರುಮಾಮಿಳ್ಳದ ಶಾಸನ ಹೇಳುತ್ತದೆ. ಆ ಮಾತನ್ನು ಬರೆದವರ ಕಿವಿಯಲ್ಲಿ ಕೃಷ್ಣಾ ತುಂಗಭದ್ರೆಗಳ ನಡುವಣ ರಣಭೇರಿ ಇನ್ನೂ ಮೊಳಗುತ್ತಿದ್ದಿರಬೇಕು. ಅರಸರು ಒಬ್ಬರನ್ನೊಬ್ಬರು ಸುಡುತ್ತಿದ್ದಾಗಲೂ, ನೀರು ನಿಲ್ಲಿಸುವ ವಿದ್ಯೆ ಎರಡು ಕಡೆಗೂ ಬೇಕಾಗಿತ್ತು.

ಕಲಬುರಗಿಯಿಂದ ಕಮಲಾಪುರದ ದಾರಿಯಲ್ಲೇ ಮುಂದೆ ಹುಮನಾಬಾದ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿದರೆ ಬಸವಕಲ್ಯಾಣ. ಇನ್ನೂ ಮುಂದೆ, ಇಂದು ಮಹಾರಾಷ್ಟ್ರಕ್ಕೆ ಸೇರಿದ ಸೊಲ್ಲಾಪುರ. ಹನ್ನೆರಡನೆಯ ಶತಮಾನದ ಶರಣ ಸಿದ್ಧರಾಮನು ಅಲ್ಲಿ ಕೆರೆ ಕಟ್ಟಿಸಿದನು. ರಾಘವಾಂಕನು ಅವನ ಚರಿತೆಯನ್ನು ಕಾವ್ಯವಾಗಿಸಿದ್ದಾನೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭು ಸೊನ್ನಲಿಗೆಗೆ ಬಂದು ಸಿದ್ಧರಾಮನನ್ನು ಒಡ್ಡನೆಂದು ಕರೆಯುವ ಪ್ರಸಂಗ ಎಲ್ಲರಿಗೂ ಗೊತ್ತಿರುವಂಥದು. ಹೊರಗಿನ ಕೆರೆಯನ್ನು ಕಟ್ಟುವುದರಲ್ಲೇ ಮುಳುಗಿದವನನ್ನು ಒಳಗಿನ ಅರಿವಿಗೆ ಕರೆಯುವುದು ಅಲ್ಲಮನ ಉದ್ದೇಶ. ಅದು ಬೇರೆಯ ಮಾತು. ಆದರೆ ಚರಿತ್ರೆಯ ವಿದ್ಯಾರ್ಥಿ ಆ ಒಂದು ಪದದ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕಾಗುತ್ತದೆ. ಒಡ್ಡನೆಂದರೆ ಮಣ್ಣು ಅಗೆಯುವವನು, ಕಲ್ಲು ಒಡೆಯುವವನು. ಮಣ್ಣು ಒಡ್ಡರು, ಕಲ್ಲು ಒಡ್ಡರು ಎಂಬ ಎರಡು ಪಂಗಡಗಳು ಕತ್ತೆಗಳ ಮೇಲೆ ಮಣ್ಣು ಹೇರಿಕೊಂಡು ಊರಿಂದೂರಿಗೆ ಅಲೆದು ಈ ನಾಡಿನ ಕೆರೆ, ಬಾವಿ, ಕಾಲುವೆಗಳನ್ನು ತೋಡಿದುವು. ಹಾರೆಯ ತುದಿ ನೆಲಕ್ಕೆ ತಾಗಿದ ಸದ್ದಿನಿಂದಲೇ ಕೆಳಗಿರುವುದು ಗರಸೋ, ಬಂಡೆಯೋ, ಜೇಡಿಯೋ ಎಂದು ಹೇಳಬಲ್ಲ ಜನ ಅವರು. ಪೋರುಮಾಮಿಳ್ಳದ ಶಾಸನ ಹನ್ನೆರಡನೆಯ ಅಂಗವೆಂದು ಎಣಿಸಿದ್ದು ಇಂತಹವರನ್ನೇ. ಆ ಸಾವಿರ ಜನರಲ್ಲಿ ಒಬ್ಬನ ಹೆಸರಾದರೂ ನಮಗೆ ಉಳಿದಿಲ್ಲ.

ಜೇಡಿಗೆ ಅಷ್ಟು ಮಹತ್ವವೇಕೆ? ಮಣ್ಣಿನ ಕಣಗಳ ನಡುವೆ ಸಂದುಗಳಿರುತ್ತವೆ. ನೀರು ಅವುಗಳಲ್ಲಿ ಇಳಿದುಹೋಗುತ್ತದೆ. ಜೇಡಿಯ ಕಣ ಅತಿ ಸೂಕ್ಷ್ಮ. ಅದನ್ನು ನೀರು ಹಾಕಿ ತುಳಿದು ನಾದಿದರೆ ಸಂದುಗಳು ಮುಚ್ಚಿಕೊಳ್ಳುತ್ತವೆ. ಭತ್ತದ ಗದ್ದೆಯನ್ನು ಕೆಸರು ಮಾಡುವ ರೈತನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೇಮ್ಸ್ ಬ್ರಿಂಡ್ಲಿ ಎಂಬ ಎಂಜಿನಿಯರನು ಕಾಲುವೆಗಳನ್ನು ತೋಡಿದಾಗ ಅವುಗಳ ತಳಕ್ಕೆ ಹಾಸಿದ್ದು ಇಂಥ ನಾದಿದ ಜೇಡಿಯನ್ನೇ. ಕಾಲುವೆಯುದ್ದಕ್ಕೂ ದನಗಳನ್ನು ಓಡಾಡಿಸಿ ಜೇಡಿಯನ್ನು ತುಳಿಸುವ ಪದ್ಧತಿಯೂ ಆ ದೇಶದಲ್ಲಿತ್ತು. ನಮ್ಮ ಕೆರೆಗಳಲ್ಲಿ ಈ ಕೆಲಸದ ಒಂದು ಪಾಲನ್ನು ಕಾಲವೇ ಮಾಡುತ್ತದೆ. ವರ್ಷವರ್ಷವೂ ಹರಿದುಬರುವ ನಯವಾದ ಗೋಡು ತಳದ ಸಂದುಗಳಲ್ಲಿ ಕೂತು ನೆಲವನ್ನು ಮುಚ್ಚುತ್ತದೆ. ಬೇಸಗೆಯಲ್ಲಿ ರೈತರು ಮೇಲುಮೇಲಿನ ಗೋಡನ್ನು ಬಂಡಿಗಳಲ್ಲಿ ಹೊಲಕ್ಕೆ ಒಯ್ಯುತ್ತಿದ್ದರು. ತಳದ ಬಿಗಿಯಾದ ಪದರಕ್ಕೆ ಕೈಹಾಕುತ್ತಿರಲಿಲ್ಲ. ಸಲಿಕೆಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿದಿತ್ತು. ಇಂದಿನ ದೈತ್ಯ ಯಂತ್ರಕ್ಕೆ ಅದು ತಿಳಿಯದು. ಹೂಳೆತ್ತುವ ಉತ್ಸಾಹದಲ್ಲಿ ಆ ಪದರವನ್ನೇ ಸೀಳಿಬಿಟ್ಟರೆ, ಕೆರೆ ಆಳವಾಗುತ್ತದೆ, ನೀರು ಮಾತ್ರ ನಿಲ್ಲುವುದಿಲ್ಲ.

ಎಲ್ಲ ಕೊಳಗಳ ತಳವನ್ನೂ ಮುಚ್ಚಬೇಕೆಂದು ಮಾತ್ರ ಭಾವಿಸಬಾರದು. ದೇವಾಲಯಗಳ ಕಲ್ಯಾಣಿಗಳಲ್ಲಿ ಹಲವು ಊಟೆಯ ನೀರಿನಿಂದ ತುಂಬುವಂಥವು. ಅಲ್ಲಿ ಸುತ್ತಲೂ ಕಲ್ಲಿನ ಮೆಟ್ಟಿಲು ಕಟ್ಟಿದರೂ ತಳವನ್ನು ತೆರೆದೇ ಇಡುತ್ತಾರೆ. ಕೆಳಗಿನಿಂದ ಬರುವ ನೀರಿಗೆ ದಾರಿ ಬೇಕು. ಮೇಲಿನಿಂದ ಬೀಳುವ ನೀರಿಗೆ ತಡೆ ಬೇಕು. ಈ ವಿವೇಕ ತಪ್ಪಿ ಹಳೆಯ ಕಲ್ಯಾಣಿಯ ತಳಕ್ಕೆ ಸಿಮೆಂಟು ಬಳಿದರೆ ಊಟೆಯೇ ಮುಚ್ಚಿಹೋಗುತ್ತದೆ.

ನೀರನ್ನು ಅದರ ಸ್ಥಾನದಲ್ಲಿ ನಿಲ್ಲಿಸುವ ಈ ವಿದ್ಯೆ ನಮ್ಮ ಸೀಮೆಯ ಮನೆಗಳಲ್ಲಿಯೂ ಇತ್ತು. ಮಣ್ಣಿನ ಮಾಳಿಗೆಯನ್ನು ನೆನೆಯಿರಿ: ತೊಲೆ, ಅದರ ಮೇಲೆ ಜಂತೆ, ಅದರ ಮೇಲೆ ಚಕ್ಕೆಯೋ ಕಡ್ಡಿಯೋ, ಅದರ ಮೇಲೆ ಸೊಪ್ಪು, ಕಡೆಗೆ ಮಣ್ಣು. ಹಾಗೆಯೇ ಉತ್ತರ ಕರ್ನಾಟಕದ ಹಗೇವು. ಗಟ್ಟಿ ನೆಲದಲ್ಲಿ ತೋಡಿದ ಆ ಗುಂಡಿಯ ತಳಕ್ಕೂ ಗೋಡೆಗೂ ಒಣ ಹುಲ್ಲನ್ನೋ ದಂಟನ್ನೋ ದಪ್ಪನಾಗಿ ಹಾಸಿದ ಮೇಲೆಯೇ ಜೋಳ ತುಂಬುತ್ತಿದ್ದರು. ಜೋಳಕ್ಕೂ ನೆಲಕ್ಕೂ ನಡುವೆ ಆ ಒಂದು ಪದರವಿಲ್ಲದಿದ್ದರೆ ನೆಲದ ತೇವ ಕಾಳನ್ನು ಕೊಳೆಸುತ್ತಿತ್ತು. ಹಗೇವಿನಲ್ಲಿ ನೀರು ಒಳಗೆ ಬರಬಾರದು. ಕೊಳದಲ್ಲಿ ನೀರು ಹೊರಗೆ ಹೋಗಬಾರದು. ದಿಕ್ಕು ಬೇರೆ, ವಿದ್ಯೆ ಒಂದೇ: ನೆಲಕ್ಕೂ ವಸ್ತುವಿಗೂ ನಡುವೆ ಮೆತ್ತನೆಯ ಹಾಸು.

ಇನ್ನು ಹಾಳೆಯ ಮಾತು. ಪಾಲಿಥೀನ್ ಎಂಬ ವಸ್ತು 1933ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ ಆಕಸ್ಮಿಕವಾಗಿ ಕಾಣಿಸಿಕೊಂಡಿತು. ಜೇಡಿಯ ಪದರ ವರ್ಷಗಟ್ಟಲೆ ಮಾಡುವ ಕೆಲಸವನ್ನು ಕಾಗದದಷ್ಟು ತೆಳುವಾದ ಈ ಹಾಳೆ ಒಂದೇ ದಿನದಲ್ಲಿ ಮಾಡಬಲ್ಲುದು. ಕರ್ನಾಟಕದಲ್ಲಿ 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಮಳೆಯಾಶ್ರಿತ ಸೀಮೆಯ ಹೊಲಗಳಲ್ಲಿ ಇದು ಪರಿಚಿತವಾಯಿತು. ಆದರೆ ಹಾಳೆಗೆ ಸ್ವಂತ ಬಲವಿಲ್ಲ. ಅದು ನೀರನ್ನು ತಡೆಯುತ್ತದೆ. ನೀರಿನ ಭಾರವನ್ನು ಹೊರುವುದು ಕೆಳಗಿನ ನೆಲ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಎರಡು ಅಡಿ ಆಳದ ಹಿತ್ತಿಲ ಕೊಳವೊಂದರಲ್ಲಿ ಸುಮಾರು 4,500 ಲೀಟರ್ ನೀರು ನಿಲ್ಲುತ್ತದೆ. ಎಂದರೆ ನಾಲ್ಕೂವರೆ ಟನ್ನಿನ ಭಾರ. ತಳದ ಒಂದೊಂದು ಚದರ ಅಡಿಯ ಮೇಲೂ 56 ಕಿಲೋಗ್ರಾಮಿನಷ್ಟು ಒತ್ತಡ. ಅಲ್ಲಿ ಒಂದು ಚೂಪು ಹರಳು ಉಳಿದಿದ್ದರೆ, ಹಗಲೂ ರಾತ್ರಿ ಆ ಭಾರ ಹಾಳೆಯನ್ನು ಅದರ ಮೊನೆಗೆ ಒತ್ತುತ್ತಿರುತ್ತದೆ.

ಇಲ್ಲಿಯೇ ಎರಡು ಮಣ್ಣುಗಳ ಸ್ವಭಾವ ಮತ್ತೆ ಮುಖ್ಯವಾಗುತ್ತದೆ. ಕಮಲಾಪುರದ ಕಡೆಯ ಕೆಂಪು ನೆಲ ಅಷ್ಟಾಗಿ ಕದಲುವುದಿಲ್ಲ; ಅಲ್ಲಿ ಹರಳೇ ಶತ್ರು. ಗುಂಡಿಯ ಬದಿಗಳನ್ನು ಇಳಿಜಾರಾಗಿ ಕೆತ್ತಿ, ಕಲ್ಲು, ಬೇರು, ಮರದ ಚೂರುಗಳನ್ನು ಕೈಯಾಡಿಸಿ ಆರಿಸಿ, ನೆಲವನ್ನು ನೆನೆಸಿ ದಿಮ್ಮಸಿನಿಂದ ಬಡಿದು, ಜರಡಿ ಹಿಡಿದ ಮಣ್ಣನ್ನೋ ಮರಳನ್ನೋ ಎರಡು ಅಂಗುಲ ಹರಡಿದರೆ ಬಹುಪಾಲು ಕೆಲಸ ಮುಗಿಯುತ್ತದೆ. ಕಲಬುರಗಿಯ ಎರೆಯಲ್ಲಿ ಅಷ್ಟು ಸಾಲದು. ಹಾಳೆಯ ಕೆಳಗಿನ ಎರೆ ಒಣಗಿದರೆ ಬಿರಿಯುತ್ತದೆ. ಬಿರುಕಿನ ಮೇಲೆ ಹಾಳೆ ಆಧಾರವಿಲ್ಲದೆ ಜೋತು ನೀರಿನ ಭಾರಕ್ಕೆ ಹಿಗ್ಗುತ್ತದೆ. ಎಲ್ಲಾದರೂ ಸೋರಿದರೆ ಆ ಜಾಗದ ಮಣ್ಣು ಉಬ್ಬಿ ಹಾಳೆಯನ್ನು ಮೇಲಕ್ಕೆ ತಳ್ಳುತ್ತದೆ. ಆದ್ದರಿಂದ ಬೇಕಾದ ಆಳಕ್ಕಿಂತ ಅರ್ಧ ಅಡಿಯಿಂದ ಒಂದು ಅಡಿಯವರೆಗೆ ಹೆಚ್ಚು ತೋಡಿ, ಆ ಜಾಗದಲ್ಲಿ ಗರಸನ್ನು ಪದರಪದರವಾಗಿ ನೀರು ಚಿಮುಕಿಸಿ ಬಡಿದು, ಅದರ ಮೇಲೆ ಮರಳಿನ ಹಾಸು ಮಾಡುವುದು ಕ್ಷೇಮ. ಮರಳಿಗೂ ಹಾಳೆಗೂ ನಡುವೆ ಹಳೆಯ ಗೋಣಿತಟ್ಟು ಹಾಸುವ ರೂಢಿಯಿದೆ. ಗೋಣಿ ಕೆಲವು ವರ್ಷಗಳಲ್ಲಿ ಕೊಳೆಯುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಕೊಳೆಯದ ನೂಲಿನ ದಪ್ಪ ಬಟ್ಟೆ ಮೇಲು. ಅಂಚಿನ ಮಟ್ಟವನ್ನು ನೀರು ತುಂಬಿದ ಕೊಳವೆಯಿಂದ ಮೊದಲೇ ನೋಡಿಕೊಳ್ಳಬೇಕು. ನೀರಿಗೆ ಮಟ್ಟದ ತಪ್ಪನ್ನು ಮರೆಮಾಚುವ ಅಭ್ಯಾಸವಿಲ್ಲ. ಹಾಳೆಯ ಅಂಚನ್ನು ಸುತ್ತಲಿನ ಕಾಲುವೆಯಲ್ಲಿ ಹೂತು ಮುಚ್ಚಿದರೆ ಅದು ಜಾರುವುದಿಲ್ಲ. ಬೇಸಗೆಯ ಬಿಸಿಲಿಗೆ ಒಡ್ಡಿಕೊಂಡು ಬೇಗ ಸೀಳುವುದೂ ಇಲ್ಲ.

ಈ ಮಾತುಗಳಲ್ಲಿ ಪೋರುಮಾಮಿಳ್ಳದ ಶಾಸನಕ್ಕೆ ಹೊಸದೆನ್ನಿಸುವುದು ಹಾಳೆಯೊಂದೇ. ಗಟ್ಟಿ ನೆಲ, ತಳದಲ್ಲಿ ದಿಬ್ಬವಿಲ್ಲದಿರುವುದು, ಸೋರದ ಅಂಚು, ಕೆಲಸ ಬಲ್ಲ ಕೈ, ಇವೆಲ್ಲ ಆ ಪಟ್ಟಿಯಲ್ಲೇ ಇವೆ. ಹಾಗಿದ್ದೂ ನಾವು ಹಾಳೆಯ ದಪ್ಪವನ್ನು ವಿಚಾರಿಸಿ ಕೊಳ್ಳುತ್ತೇವೆ, ನೆಲವನ್ನು ವಿಚಾರಿಸುವುದಿಲ್ಲ. ಹೊಂಡ ಸೋರಿದಾಗ ಹಾಳೆಯನ್ನು ಬೈಯುತ್ತೇವೆ.

ಕಲಬುರಗಿಯ ನಡುವೆ ಶರಣಬಸವೇಶ್ವರರ ಗುಡಿಯ ಮಗ್ಗುಲಲ್ಲಿ, ಜನ ಅಪ್ಪನ ಕೆರೆಯೆಂದು ಕರೆಯುವ ಕೆರೆ ಇಂದಿಗೂ ಇದೆ. ದಾಸೋಹದ ಶರಣರ ಹೆಸರನ್ನು ಹೊತ್ತ ಆ ನೀರಿನ ಕೆಳಗೆ ಪ್ಲಾಸ್ಟಿಕ್ ಹಾಳೆಯಿಲ್ಲ; ತಲೆಮಾರುಗಳ ಮಣ್ಣಿದೆ. ಬೇಸಗೆಯಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಸಂಜೆ ಅದರ ದಂಡೆಗೆ ತಂಪು ಹುಡುಕಿ ಬರುವವರಿಗೆ ಆ ಮಣ್ಣಿನ ನೆನಪಾಗದಿರುವುದು ಸಹಜ. ಆದರೆ ಕೆರೆಯನ್ನು ಕಾಯುವ ಹೊಣೆ ಹೊತ್ತವರು ಅದನ್ನು ಮರೆಯಲಾಗದು. ದಂಡೆಗೆ ಕಲ್ಲು ಕಟ್ಟುವುದು, ಕಾರಂಜಿ ಚಿಮ್ಮಿಸುವುದು, ದೀಪ ಹಚ್ಚುವುದು, ಇವು ಹಣವಿದ್ದರೆ ಆಗುವ ಕೆಲಸಗಳು. ಒಮ್ಮೆ ಸೀಳಿದ ತಳವನ್ನು ಮತ್ತೆ ಬಿಗಿಯಾಗಿಸಲು ಎಷ್ಟೋ ಮಳೆಗಾಲಗಳು ಬೇಕು. ಹೂಳೆತ್ತುವ ಯಂತ್ರ ಕೆರೆಗೆ ಇಳಿಯುವ ಮುನ್ನ, ನೆಲ ಬಲ್ಲ ಮುದುಕನೊಬ್ಬ ಹಾರೆ ಹಿಡಿದು ಮುಂದೆ ಇಳಿಯಲಿ. ಎಲ್ಲಿಯವರೆಗೆ ಅಗೆಯಬಹುದು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅವನು ಹೇಳಲಿ. ಅಂಥವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಅವರನ್ನು ಕೇಳುವುದಕ್ಕೆ ಇದೇ ಕಾಲ.