ದನಿ ಬೇಕು, ಪಂಕ್ತಿ ಬೇಡ

1924ರ ಡಿಸೆಂಬರ್. ಮಾನ್ವಿ ಸೀಮೆಯ ನಮ್ಮ ಕುರ್ಡಿ ಆಗ ನಿಜಾಮರ ಆಳಿಕೆಯಲ್ಲಿತ್ತು. ಅತ್ತ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನವದು. ಅಸ್ಪೃಶ್ಯತೆ ತೊಲಗದೆ ಸ್ವರಾಜ್ಯವಿಲ್ಲವೆಂಬುದು ಅವರ ನಿಲುವು. ಹುಯಿಲಗೋಳ ನಾರಾಯಣರಾಯರ ಏಕೀಕರಣ ಗೀತೆ ಮೊಳಗಿದ್ದೂ ಅಲ್ಲಿಯೇ.

ಅಲ್ಲಿ ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಧಾರವಾಡದ, ಹನ್ನೊಂದರ ಪ್ರಾಯದ ಗಂಗೂಬಾಯಿಯೂ ಒಬ್ಬಳು. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಹಾಡುವ ಮನೆತನದ ಹೆಣ್ಣುಮಕ್ಕಳೆಂದರೆ ಊರಿಗೆ ಅವರ ದನಿ ಬೇಕು, ಪಂಕ್ತಿಯಲ್ಲಿ ಅವರು ಬೇಡ. ಗಾಂಧೀಜಿಯೆದುರು ಹಾಡುವ ಭಯಕ್ಕಿಂತ, ಊಟದ ಹೊತ್ತಿಗೆ ತಮ್ಮನ್ನು ಬೇರೆ ಕೂರಿಸುವರೇನೋ ಎಂಬ ಅಳುಕೇ ಆ ಹುಡುಗಿಗೆ ದೊಡ್ಡದಾಗಿತ್ತಂತೆ.

ಅದೇ ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಕಲಿತು, ಕಿರಾಣಾ ಘರಾಣೆಯ ದೊಡ್ಡ ದನಿಯಾದರು. 2002ರಲ್ಲಿ ಪದ್ಮವಿಭೂಷಣ ಬಂತು. 2009ರಲ್ಲಿ ತೀರಿಕೊಂಡರು. ಬಿರುದುಗಳಿಗಿಂತ ನನಗೆ ನೆನಪಾಗುವುದು ಆ ಎಳೆಯ ಅಳುಕು.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳಿಕೆ ಮುಗಿಯಿತು. ಪ್ರತಿವರ್ಷ ಸೆಪ್ಟೆಂಬರ್ 17ಕ್ಕೆ ನಮ್ಮ ಕಡೆ ಬಾವುಟ ಏರುತ್ತದೆ, ಹುಡುಗಿಯರು ಹಾಡುತ್ತಾರೆ. ಹಾಡು ಮುಗಿದ ಮೇಲೆ ಅವರೆಲ್ಲ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆಯೇ? ತಾಯಂದಿರಾದ ನಾವು ನೋಡಬೇಕಾದದ್ದು ಅದನ್ನು.